ಗಾಳಿ ಎಲ್ಲಿ ಹೋಗ್ತಿದೆ, ತಮ್ಮಾ?

ಪಕ್ಕದ ಟೈರ್ ಅಂಗಡಿಯ ಕಂಪ್ರೆಸರು ಈಚೆಗೆ ನಿಲ್ಲುವುದನ್ನೇ ಮರೆತಿದೆ. ಓಡುತ್ತಿದೆಯಲ್ಲ, ಚೆನ್ನಾಗಿದೆ ಅಂದುಕೊಳ್ಳಬಾರದು. ಕಂಪ್ರೆಸರಿನ ಆರೋಗ್ಯ ಗೊತ್ತಾಗುವುದೇ ಅದು ನಿಂತಾಗ. ಗಡಗಡ ಓಡಬೇಕು, ಟ್ಯಾಂಕು ತುಂಬಬೇಕು, ಪ್ರೆಶರ್ ಸ್ವಿಚ್ಚು ಟಕ್ಕಂತ ಕಟ್ಟಾಗಬೇಕು, ಹೆಡ್ಡಿನಲ್ಲಿ ಸಿಕ್ಕಿಕೊಂಡ ಗಾಳಿ ಎರಡು ಮೂರು ಸೆಕೆಂಡು ‘ಸ್ಸ್’ ಅಂತ ಹೊರಗೆ ಹೋಗಬೇಕು, ಆಮೇಲೆ ಸದ್ದಿರಬಾರದು. ಕಾಂಪೌಂಡಿನ ಈಚೆ ಕಾಫಿ ಲೋಟ ಹಿಡಿದು ಕೂತರೂ ಇಷ್ಟು ಕೇಳಿಸುತ್ತದೆ. ಕಾರ್ಖಾನೆಯ ಮೇಂಟೆನೆನ್ಸಿನಲ್ಲಿ ವಯಸ್ಸು ಸವೆಸಿದ ಕಿವಿ ಇದನ್ನು ಗಮನಿಸದೆ ಬಿಡುವುದಿಲ್ಲ.

ನಮ್ಮದು ತುಮಕೂರು, ಹೈವೇಗೆ ಹತ್ತಿರದ ಮನೆ. ಅಂಗಡಿಯ ಹುಡುಗನಿಗೆ ಲಾರಿಗಳೇ ಗಿರಾಕಿ. ಹುಡುಗ ಅಂದೆ, ಈಗ ಅವನೇ ಯಜಮಾನ. ಕಾಂಪೌಂಡಿಗೆ ಮೊಣಕೈ ಊರಿ ನಿಂತು, “ಅಣ್ಣಾ, ಮೀಟ್ರು ಆರು ಕೆಜಿ ದಾಟ್ತಾನೇ ಇಲ್ಲ. ಲಾರಿ ಟೈರಿಗೆ ಏರ್ ಹತ್ತಲ್ಲ. ಬೋರ್ ಮಾಡಿಸಿ ರಿಂಗ್ ಹಾಕಿಸ್ಬೇಕು ಅಂತ ಮೆಕ್ಯಾನಿಕ್ ಹೇಳ್ದ” ಅಂದ.

ಅವನ ಕಷ್ಟ ಲೆಕ್ಕ ಹಾಕಿದರೆ ತಿಳಿಯುತ್ತದೆ. ಮೀಟರಿನ ಒಂದು ಕೆಜಿ ಅಂದರೆ ಟೈರಿನವರ ಭಾಷೆಯಲ್ಲಿ 14 ಪೌಂಡಿನ ಮೇಲೆ ಚೂರು. ಆರು ಕೆಜಿ ಅಂದರೆ 85 ಪೌಂಡು. ಕಾರಿಗೆ 30, 35 ಪೌಂಡು ಸಾಕು, ಅದಕ್ಕೇನೂ ತೊಂದರೆಯಿಲ್ಲ. ಲಾರಿಯ ಹಿಂದಿನ ಟೈರಿಗೆ 110 ಪೌಂಡು ಬೇಕು ಅಂದರೆ ಟ್ಯಾಂಕಿನಲ್ಲಿ ಅದಕ್ಕಿಂತ ಧಾರಾಳವಾಗಿ ಜಾಸ್ತಿ ಇರಬೇಕು. ಟೈರಿನೊಳಗಿನ ಒತ್ತಡವೂ ಟ್ಯಾಂಕಿನ ಒತ್ತಡವೂ ಒಂದೇ ಆಯಿತೋ, ಗಾಳಿ ಅಲ್ಲಿಂದ ಇಲ್ಲಿಗೆ ಬರುವುದಿಲ್ಲ. ಅವನದು 5 ಎಚ್‌ಪಿ ಮೋಟರು, ಎರಡು ಹಂತದ ಪಂಪು, 220 ಲೀಟರಿನ ಟ್ಯಾಂಕು. 12 ಕೆಜಿಗೆ ಕಟ್ಟಾಗಬೇಕಾದ ಮಷೀನು. ಅದು ಆರಕ್ಕೇ ಸುಸ್ತಾಗಿ ನಿಂತಿದೆ.

“ರಿಂಗಿನ ಮಾತು ಆಮೇಲೆ. ಮೊದಲು ಗಾಳಿ ಎಲ್ಲಿ ಹೋಗ್ತಿದೆ ಹೇಳು” ಅಂದೆ.

“ಎಲ್ಲೂ ಹೋಗ್ತಿಲ್ಲ ಅಣ್ಣಾ, ಪಂಪೇ ಕೊಡ್ತಿಲ್ಲ.”

ಇದನ್ನು ಅವನು ಹೇಗೆ ಕಂಡ? ಕಂಡಿಲ್ಲ, ಅಂದುಕೊಂಡಿದ್ದಾನೆ ಅಷ್ಟೆ. ನನಗೆ ಸಂಕಟವಾಗುವುದು ಇಲ್ಲೇ. ಗಾಳಿ ಕಣ್ಣಿಗೆ ಕಾಣುವುದಿಲ್ಲ ಅಂತ ಜನ ನೇರವಾಗಿ ಸ್ಪ್ಯಾನರು ಹಿಡಿದು ಪಂಪು ಬಿಚ್ಚಲು ಕೂರುತ್ತಾರೆ. ಗಾಳಿ ತಯಾರಾಗುತ್ತಿಲ್ಲವೋ, ತಯಾರಾದದ್ದು ಸೋರಿಹೋಗುತ್ತಿದೆಯೋ, ಇದ್ದದ್ದು ಗನ್ನಿನ ತುದಿಗೆ ಮುಟ್ಟುತ್ತಿಲ್ಲವೋ? ಈ ಮೂರರಲ್ಲಿ ಯಾವುದು ಅಂತ ಒಂದು ಸ್ಕ್ರೂ ಕೂಡ ಬಿಚ್ಚದೆ ಹೇಳಬಹುದು. ಹಾಗೆ ಹೇಳಲಾರದವರ ಕೈಗೆ ಪಂಪು ಕೊಡಬಾರದು.

ಮೀಟರು ಒಂದೇ ಕಡೆ ಅಲ್ಲಾಡದೆ ನಿಂತಿದೆ ಅನ್ನುವುದೇ ದೊಡ್ಡ ಸುಳಿವು. ಪಂಪು ಪೂರ್ತಿ ಸತ್ತಿದ್ದರೆ ಮುಳ್ಳು ಮೇಲೇಳುತ್ತಲೇ ಇರಲಿಲ್ಲ. ಏರಿ ಒಂದು ಕಡೆ ನಿಂತಿತು ಅಂದರೆ ಪಂಪು ತುಂಬುವಷ್ಟನ್ನೇ ಯಾವುದೋ ತೂತು ಖಾಲಿ ಮಾಡುತ್ತಿದೆ, ಇಲ್ಲವೇ ಆ ಒತ್ತಡಕ್ಕೆ ಬರುವ ಹೊತ್ತಿಗೆ ಪಂಪು ಹೊಸ ಗಾಳಿಯನ್ನೇ ಒಳಗೆ ತಳ್ಳಲಾರದೆ ಹೋಗುತ್ತಿದೆ. ಎರಡೂ ಒಟ್ಟಿಗೇ ಇರಬಹುದು. ಹಳೇ ಮಷೀನುಗಳಲ್ಲಿ ಹೆಚ್ಚಾಗಿ ಹಾಗೇ ಇರುತ್ತದೆ.

“ರಾತ್ರಿ ಬಾಗಿಲು ಹಾಕೋ ಮುಂಚೆ ಟ್ಯಾಂಕಿನಿಂದ ಹೊರಗೆ ಬರೋ ವಾಲ್ವು ಮುಚ್ಚು. ಮೋಟರ್ ಓಡ್ಸು, ಎಷ್ಟಕ್ಕೆ ಏರುತ್ತೋ ನೋಡು, ಆಫ್ ಮಾಡು. ಅರ್ಧ ಗಂಟೆ ಬಿಟ್ಟು ಮೀಟ್ರು ಓದಿ ಬರ್ಕೋ. ಬೆಳಗ್ಗೆ ಇನ್ನೊಂದು ಸಲ ಓದು.”

“ಅರ್ಧ ಗಂಟೆ ಯಾಕಣ್ಣಾ, ಆಗ್ಲೇ ಬರ್ಕೋಬಾರ್ದಾ?”

ಒಳ್ಳೆಯ ಪ್ರಶ್ನೆ. ಒತ್ತಿದ ಗಾಳಿ ಬಿಸಿಯಾಗಿರುತ್ತದೆ. ಪಂಪಿನಿಂದ ಟ್ಯಾಂಕಿಗೆ ಹೋಗುವ ತಾಮ್ರದ ಪೈಪನ್ನು ಮುಟ್ಟಿದವರ ಬೆರಳಿಗೆ ಅದು ಗೊತ್ತು. ಟ್ಯಾಂಕಿನ ಗಾಳಿ 50 ಡಿಗ್ರಿಯಿಂದ 30ಕ್ಕೆ ತಣ್ಣಗಾದರೆ, ಒಂದು ಗುಳ್ಳೆ ಗಾಳಿ ಸೋರದಿದ್ದರೂ ಏಳು ಕೆಜಿ ಇದ್ದದ್ದು ಆರೂವರೆಗೆ ಇಳಿಯುತ್ತದೆ. ಅದನ್ನೇ ಸೋರಿಕೆ ಅಂತ ಹಿಡಿದು ಇಡೀ ಟ್ಯಾಂಕಿಗೆ ಸೋಪಿನ ನೀರು ಬಳಿದವರನ್ನು ನೋಡಿದ್ದೇನೆ. ತಣ್ಣಗಾದ ಮೇಲಿನ ಅಂಕಿಯೇ ಲೆಕ್ಕಕ್ಕೆ ಬರುವ ಅಂಕಿ.

ಮಾರನೆಯ ಬೆಳಗ್ಗೆ ಉತ್ತರ ಬಂತು. ಹೊರವಾಲ್ವು ಮುಚ್ಚಿದಾಗ ಮೀಟರು ಒಂಬತ್ತರವರೆಗೆ ಹೋಗಿತ್ತು, ಬಹಳ ನಿಧಾನವಾಗಿ. ತಣ್ಣಗಾದ ಮೇಲೆ ಬರೆದುಕೊಂಡ ಅಂಕಿ ರಾತ್ರಿಯಿಡೀ ಕದಲಿರಲಿಲ್ಲ. ಅಂದರೆ ಟ್ಯಾಂಕು, ಅದರ ಡ್ರೈನ್ ಕಾಕು, ಸೇಫ್ಟಿ ವಾಲ್ವು, ಪಂಪಿಗೂ ಟ್ಯಾಂಕಿಗೂ ನಡುವೆ ಗಾಳಿಯನ್ನು ಹಿಂದಕ್ಕೆ ಬಿಡದ ಎನ್‌ಆರ್‌ವಿ ವಾಲ್ವು ಎಲ್ಲ ಗಟ್ಟಿಯಾಗಿವೆ. ಮುಚ್ಚಿದ ವಾಲ್ವಿನ ಆಚೆ, ಅಂಗಡಿಯ ಲೈನಿನಲ್ಲಿ ಎಲ್ಲೋ ಸೋರುತ್ತಿದೆ. ಜೊತೆಗೆ ಒಂಬತ್ತಕ್ಕೇ ನಿಂತದ್ದು, ಅದೂ ತೆವಳುತ್ತಾ ಹೋದದ್ದು, ಪಂಪಿನಲ್ಲೂ ಏನೋ ಇದೆ ಅನ್ನುವುದನ್ನು ಹೇಳಿತು. ಒಂದು ರಾತ್ರಿಯಲ್ಲಿ, ಖರ್ಚಿಲ್ಲದೆ, ಎರಡು ಕಾಯಿಲೆ ಬೇರೆ ಬೇರೆಯಾದವು.

ಸೋರಿಕೆ ಹುಡುಕುವುದು ಕಷ್ಟವಲ್ಲ, ತಾಳ್ಮೆ ಬೇಕು. ಎಲ್ಲ ಮಷೀನು ನಿಲ್ಲಿಸಿ, ಫ್ಯಾನು ರೇಡಿಯೋ ಆರಿಸಿ, ಲೈನಿಗೆ ಗಾಳಿ ಬಿಟ್ಟು, ಪೈಪಿನ ಗುಂಟ ನಡೆದರೆ ದೊಡ್ಡ ಸೋರಿಕೆ ತಾನೇ ಕರೆಯುತ್ತದೆ. ಸಣ್ಣದಕ್ಕೆ ಪಾತ್ರೆ ತೊಳೆಯುವ ಸೋಪು ಕಲಸಿದ ನೀರು, ಒಂದು ಬ್ರಷ್ಷು. ಕ್ವಿಕ್ ಕಪ್ಲರಿನ ಬಾಯಿ, ಹೋಸಿನ ಕ್ಲಿಪ್ಪು, ರೆಗ್ಯುಲೇಟರಿನ ಕೆಳಗಿನ ಬಟ್ಟಲು, ಎಲ್ಲ ಥ್ರೆಡ್ಡಿನ ಜಾಯಿಂಟು. ಗಾಳಿ ಹೊಡೆಯುವ ಗನ್ನನ್ನೂ ನೀರಿನ ಬಕೆಟ್ಟಿನಲ್ಲಿ ಒಂದು ಸಲ ಮುಳುಗಿಸಿ ನೋಡಬೇಕು. ಟ್ರಿಗರ್ ಬಿಟ್ಟ ಮೇಲೂ ಗುಳ್ಳೆ ಬರುತ್ತಿದ್ದರೆ ಒಳಗಿನ ಸೀಲು ಹೋಗಿದೆ.

“ಅಷ್ಟು ಸಣ್ಣ ತೂತಿಂದ ಎಷ್ಟು ಹೋಗುತ್ತೆ ಬಿಡಿ” ಅಂತ ಅವನ ಮಾತು. ಎಷ್ಟು ಹೋಗುತ್ತದೆ ನೋಡಿ. ಒಂದು ಮಿಲಿಮೀಟರಿನ ತೂತು, ಅಂದರೆ ದಪ್ಪ ಸೂಜಿ ತೂರುವಷ್ಟು. ಆರೇಳು ಕೆಜಿ ಒತ್ತಡದಲ್ಲಿ ಅದರಿಂದ ನಿಮಿಷಕ್ಕೆ 60 ಲೀಟರಿನಷ್ಟು ಗಾಳಿ ಹೊರಗೆ ಹೋಗುತ್ತದೆ. ತೂತಿನ ಅಡ್ಡಗಲ ಎರಡರಷ್ಟಾದರೆ ಸೋರಿಕೆ ನಾಲ್ಕರಷ್ಟು. ಇವನ ಲೈನಿನಲ್ಲಿ ಅಂಥ ಜಾಗ ಎರಡು ಸಿಕ್ಕವು. ಒಂದು ಕಪ್ಲರಿನಲ್ಲಿ ಸವೆದ ಓ-ರಿಂಗು. ಇನ್ನೊಂದು ಗೋಡೆಗೆ ಹೊಡೆದ ಪೈಪಿನ ಎಲ್ಬೋದಲ್ಲಿ ಕೂದಲೆಳೆಯ ಬಿರುಕು.

ಆ ಪೈಪಿನ ಸಂಗತಿಗೆ ಬಂದಾಗ ನಾನು ದನಿ ಏರಿಸಿದ್ದು ನಿಜ. ಅದು ಪಿವಿಸಿ ಪೈಪು. ಮನೆಗೆ ನೀರು ತರುವ ಅದೇ ಪೈಪು. ಅಗ್ಗ, ಗಮ್ ಹಚ್ಚಿ ಅಂಟಿಸಿದರೆ ಆಯಿತು, ಪೈಪಿನ ಮೇಲೆ ಹತ್ತು ಕೆಜಿ ಅಂತ ಬರೆದೂ ಇರುತ್ತದೆ. ಅದು ನೀರಿಗೆ ಬರೆದದ್ದು. ನೀರು ಕುಗ್ಗುವುದಿಲ್ಲ, ಪೈಪು ಒಡೆದ ಕ್ಷಣ ಒತ್ತಡ ಮಾಯ. ಗಾಳಿ ಹಾಗಲ್ಲ, ಅಷ್ಟು ಹೊತ್ತು ಕುಗ್ಗಿಸಿಟ್ಟದ್ದೆಲ್ಲ ಒಂದೇ ಏಟಿಗೆ ಹಿಗ್ಗುತ್ತದೆ. ಬಿಸಿಲಿಗೆ, ಪಂಪಿನಿಂದ ಬರುವ ಎಣ್ಣೆ ಆವಿಗೆ ಪೆಡಸಾದ ಪಿವಿಸಿ ಚೂರು ಚೂರಾಗಿ ಸಿಡಿಯುತ್ತದೆ. ಆ ಚೂರು ಕಣ್ಣಿಗೆ ಬಿದ್ದರೆ? “ಇವತ್ತೇ ತೆಗ್ಸು. ಜಿಐ ಪೈಪು ಹಾಕ್ಸು. ದುಡ್ಡು ಸಾಲದಿದ್ರೆ ಸದ್ಯಕ್ಕೆ ಒಳ್ಳೆ ರಬ್ಬರ್ ಹೋಸ್ ಎಳಿ. ಇದ್ರ ಕೆಳಗೆ ಮಾತ್ರ ಕೆಲಸದ ಹುಡುಗರನ್ನ ಕೂರಿಸ್ಬೇಡ” ಅಂದೆ. ಒಪ್ಪಿದ. ತೆಗೆಸಿದ ಕೂಡ.

ಪೈಪಿನ ಮಾತು ಬಂದದ್ದಕ್ಕೆ ಇನ್ನೊಂದು ಹೇಳಬೇಕು. ಟ್ಯಾಂಕಿನ ಮೀಟರು ಸರಿಯಾಗಿ ತೋರಿಸಿ, ಇಂಪ್ಯಾಕ್ಟ್ ಗನ್ನು ಮಾತ್ರ ನಟ್ಟು ಬಿಚ್ಚಲಾರದೆ ಅಳುವ ಅಂಗಡಿಗಳು ಬೇಕಾದಷ್ಟಿವೆ. ಅಲ್ಲಿ ಕಂಪ್ರೆಸರಿನ ತಪ್ಪೇನೂ ಇರುವುದಿಲ್ಲ. ಉದ್ದದ, ಸಪೂರ ಹೋಸು ಹಾಕಿರುತ್ತಾರೆ. ಅದೇ ಪ್ರಮಾಣದ ಗಾಳಿ ಹರಿಯುವಾಗ ಹೋಸಿನ ಒಳವ್ಯಾಸ ಅರ್ಧಕ್ಕೆ ಇಳಿದರೆ, ದಾರಿಯಲ್ಲಿ ಕಳೆದುಹೋಗುವ ಒತ್ತಡ 30 ಪಟ್ಟಿಗೂ ಮೀರಿ ಏರುತ್ತದೆ. ಅದಕ್ಕೇ ಮೀಟರನ್ನು ಗನ್ನು ಸುಮ್ಮನಿದ್ದಾಗ ಓದಿ ಪ್ರಯೋಜನವಿಲ್ಲ, ಟ್ರಿಗರ್ ಒತ್ತಿ ಹಿಡಿದಾಗ ಓದಬೇಕು. ಸುಮ್ಮನಿದ್ದಾಗ ಏಳು ತೋರಿಸಿ, ಟ್ರಿಗರ್ ಒತ್ತಿದ ಕೂಡಲೇ ಮೂರಕ್ಕೆ ಬಿದ್ದರೆ ನಡುವೆ ಎಲ್ಲೋ ಕಟ್ಟಿಕೊಂಡಿದೆ: ರೆಗ್ಯುಲೇಟರಿನ ಫಿಲ್ಟರಿನಲ್ಲಿ ಕೆಸರು, ಒಳಗೆ ಪದರ ಕಿತ್ತ ಹಳೇ ಹೋಸು, ಅರ್ಧ ತೆರೆದ ವಾಲ್ವು.

ಇನ್ನು ಪಂಪು. ಇದರ ಶಕ್ತಿ ಅಳೆಯಲು ಮೊಬೈಲಿನ ಗಡಿಯಾರ ಸಾಕು. ಟ್ಯಾಂಕನ್ನು ಸೊನ್ನೆಗೆ ಖಾಲಿ ಮಾಡಿ, ಹೊರವಾಲ್ವು ಮುಚ್ಚಿ, ಏಳು ಕೆಜಿಗೆ ಏರಲು ಎಷ್ಟು ನಿಮಿಷ ಅಂತ ನೋಡುವುದು. ಟ್ಯಾಂಕಿನ ಲೀಟರನ್ನು ಏಳರಿಂದ ಗುಣಿಸಿ ನಿಮಿಷದಿಂದ ಭಾಗಿಸಿದರೆ ಪಂಪು ನಿಮಿಷಕ್ಕೆ ಎಷ್ಟು ಲೀಟರು ಹೊರಗಿನ ಗಾಳಿ ಎಳೆದುಕೊಂಡು ಒತ್ತುತ್ತಿದೆ ಅನ್ನುವುದು ಸರಿಸುಮಾರು ಸಿಗುತ್ತದೆ. ಒಳ್ಳೆಯ ಸ್ಥಿತಿಯ 5 ಎಚ್‌ಪಿ ಮಷೀನು 350, 400 ಲೀಟರಿನ ಆಸುಪಾಸು ಕೊಡಬೇಕು. ಅಂದರೆ 220 ಲೀಟರಿನ ಟ್ಯಾಂಕಿಗೆ ನಾಲ್ಕು, ನಾಲ್ಕೂವರೆ ನಿಮಿಷ. ಇವನದು ಹನ್ನೊಂದು ನಿಮಿಷ ತೆಗೆದುಕೊಂಡಿತು. 140 ಲೀಟರು! ಮೊದಲು ಲೈನಿನ ಎರಡು ತೂತುಗಳು ಕುಡಿಯುತ್ತಿದ್ದದ್ದೂ ಹತ್ತಿರ ಹತ್ತಿರ ಅಷ್ಟೇ. ಮೀಟರು ಆರಕ್ಕೆ ಯಾಕೆ ನಿಂತಿತ್ತು ಅನ್ನುವುದು ಈ ಎರಡು ಅಂಕಿಗಳಲ್ಲೇ ಇದೆ.

ಊರಿನ ಎತ್ತರದ ಲೆಕ್ಕವೂ ಒಂದಿದೆ, ಅಂಗಡಿಯವರು ಅದನ್ನು ಗಮನಿಸುವುದು ಕಡಿಮೆ. ಮಂಗಳೂರಿನಲ್ಲಿ ಸಮುದ್ರಮಟ್ಟದಲ್ಲಿ ಓಡುವ ಕಂಪ್ರೆಸರಿಗೆ ಸಿಗುವಷ್ಟು ದಟ್ಟ ಗಾಳಿ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸಿಗುವುದಿಲ್ಲ, ನೂರಕ್ಕೆ ಹತ್ತರಷ್ಟು ಕಡಿಮೆ. ತುಮಕೂರಿಗೂ ಹೆಚ್ಚುಕಡಿಮೆ ಅದೇ ಮಾತು, ಮಡಿಕೇರಿಗೆ ಇನ್ನೂ ಸ್ವಲ್ಪ ಜಾಸ್ತಿ. ಟ್ಯಾಂಕು ತುಂಬಲು ಅಷ್ಟಷ್ಟು ಹೊತ್ತು ಹೆಚ್ಚು ಹಿಡಿಯುತ್ತದೆ. ಅದಕ್ಕಾಗಿ ಹನ್ನೊಂದು ನಿಮಿಷ ಆಗುವುದಿಲ್ಲ ಅನ್ನುವುದು ಬೇರೆ.

“ಈಗಾದ್ರೂ ರಿಂಗಾ?” ಅಂದ.

“ಇಲ್ಲ ಕಣೋ. ಏರ್ ಫಿಲ್ಟರ್ ಕಳಚಿ, ಓಡುವಾಗ ಅಂಗೈ ಹಿಡಿ. ಬೆಲ್ಟಿಗೆ ಅಂಗಿ ತೋಳು ಸಿಗದ ಹಾಗೆ ನಿಂತ್ಕೋ.”

ಫಿಲ್ಟರ್ ಕಳಚಿದಾಗ ಪಂಪಿನ ಚುರುಕು ಏರಿತೋ, ಧೂಳು ಕಟ್ಟಿದ ಫಿಲ್ಟರೇ ಅರ್ಧ ತಪ್ಪುಗಾರ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹೈವೇ ಪಕ್ಕದ ಧೂಳಿಗೆ ಅದು ಬೇಗ ಕಟ್ಟುತ್ತದೆ. ಇವನದು ಚೊಕ್ಕಟವಾಗಿಯೇ ಇತ್ತು. ಆದರೆ ಅಂಗೈಗೆ ಬರೀ ಎಳೆತ ಸಿಗಬೇಕಾದ ಕಡೆ, ಎಳೆತದ ಬೆನ್ನಿಗೇ ಬೆಚ್ಚಗಿನ ಗಾಳಿ ವಾಪಸ್ ಬಡಿಯುತ್ತಿತ್ತು. ಅಲ್ಲಿಗೆ ಕಾಯಿಲೆ ಸಿಕ್ಕ ಹಾಗೆಯೇ.

ಕುಲುಮೆಯ ತಿದಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಿದಿಯ ಹೊಟ್ಟೆಗೆ ಒಂದು ತೂತು, ಆ ತೂತಿಗೆ ಒಳಗಿನಿಂದ ಒಂದು ಚರ್ಮದ ತುಂಡು. ತಿದಿ ಎತ್ತಿದಾಗ ತುಂಡು ತೆರೆದು ಗಾಳಿ ಒಳಗೆ ಬರುತ್ತದೆ, ಒತ್ತಿದಾಗ ತುಂಡು ತೂತನ್ನು ಮುಚ್ಚಿ ಗಾಳಿ ಕೊಳವೆಯಿಂದ ಬೆಂಕಿಗೆ ಹೋಗುತ್ತದೆ. ಆ ಚರ್ಮ ಹರಿದರೆ ಎಷ್ಟು ಒತ್ತಿದರೂ ಗಾಳಿ ಬಂದ ದಾರಿಯಲ್ಲೇ ವಾಪಸ್ಸು. ಕಂಪ್ರೆಸರಿನ ಹೆಡ್ಡಿನೊಳಗೆ ಚರ್ಮದ ಬದಲು ತೆಳು ಸ್ಟೀಲಿನ ಪಟ್ಟಿ ಇದೆ, ಕೆಲಸ ಅದೇ. ಫಿಲ್ಟರಿನ ಬಾಯಿಂದ ಗಾಳಿ ವಾಪಸ್ ಊದಿದರೆ ದೊಡ್ಡ ಸಿಲಿಂಡರಿನ ಎಳೆಯುವ ವಾಲ್ವು ಒಡೆದಿದೆ ಅಥವಾ ಕೂರುತ್ತಿಲ್ಲ. ಎರಡು ಹಂತದ ಪಂಪಿನಲ್ಲಿ ದೊಡ್ಡ ಸಿಲಿಂಡರು ಗಾಳಿಯನ್ನು ಎರಡು ಮೂರು ಕೆಜಿಗೆ ಒತ್ತಿ, ಇಂಟರ್‌ಕೂಲರಿನಲ್ಲಿ ತಣಿಸಿ ಸಣ್ಣದಕ್ಕೆ ಕೊಡುತ್ತದೆ. ಸಣ್ಣ ಸಿಲಿಂಡರಿನ ವಾಲ್ವು ಹೋಗಿದ್ದರೆ ಗಾಳಿ ಇಂಟರ್‌ಕೂಲರಿಗೆ ಹಿಂದಿರುಗಿ, ಅಲ್ಲಿರುವ ಪುಟ್ಟ ಸೇಫ್ಟಿ ವಾಲ್ವು ಪಟಪಟ ಹಾರಲು ಶುರುಮಾಡುತ್ತದೆ. ಅದು ಹಾರುತ್ತಿದೆ ಅಂತ ಕೆಲವರು ಅದಕ್ಕೇ ಡಮ್ಮಿ ಬಿಗಿಯುತ್ತಾರೆ. ಎಂಥ ಅನ್ಯಾಯ! ಕಾಯಿಲೆ ಎಲ್ಲಿದೆ ಅಂತ ತೋರಿಸುತ್ತಿದ್ದದ್ದೇ ಅದು.

ರಿಂಗು ಸವೆದಿದ್ದರೆ ಗುರುತುಗಳು ಬೇರೆ. ಕ್ರ್ಯಾಂಕ್‌ಕೇಸಿನ ಉಸಿರುಕೊಳವೆಯಿಂದ ಹೊಗೆಯಂತೆ ಎಣ್ಣೆ ಆವಿ ಬರುತ್ತದೆ, ಎಣ್ಣೆ ಮಟ್ಟ ಬೇಗ ಇಳಿಯುತ್ತದೆ, ಟ್ಯಾಂಕಿನ ಡ್ರೈನಿನಲ್ಲಿ ನೀರಿನ ಜೊತೆ ಎಣ್ಣೆಯೂ ಬೀಳುತ್ತದೆ. ಇವನ ಮಷೀನಿನಲ್ಲಿ ಇವು ಯಾವುವೂ ಇರಲಿಲ್ಲ. ಬೆಲ್ಟೂ ಸರಿಯಿತ್ತು: ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ತಗ್ಗಬೇಕು, ತಗ್ಗಿತು. ಮೋಟರು ರಿವೈಂಡ್ ಮಾಡಿಸಿದವರು ಮಾತ್ರ ಫ್ಲೈವೀಲಿನ ಬಾಣದ ಗುರುತು ನೋಡಲೇಬೇಕು. ತ್ರೀಫೇಸಿನಲ್ಲಿ ಎರಡು ವೈರು ಅದಲುಬದಲಾದರೆ ಪಂಪು ಉಲ್ಟಾ ತಿರುಗುತ್ತದೆ. ಗಾಳಿ ಒತ್ತುವುದೇನೋ ಒತ್ತುತ್ತದೆ, ಆದರೆ ಫ್ಲೈವೀಲಿನ ರೆಕ್ಕೆಗಳ ಗಾಳಿ ಸಿಲಿಂಡರಿಗೆ ಬೀಸದೆ ಪಂಪು ಸುಡಲು ಹತ್ತುತ್ತದೆ.

ಇಷ್ಟರಲ್ಲಿ ಅವನಿಗೂ ಹುರುಪು ಬಂದಿತ್ತು. ನಿಂತ ಮೇಲೆ ಬರುವ ‘ಸ್ಸ್’ ಯಾಕೆ ಅಂತ ಕೇಳಿದ. ಅದು ಅನ್‌ಲೋಡರು. ಮುಂದಿನ ಸಲ ಮೋಟರು ಭಾರವಿಲ್ಲದೆ ಎದ್ದೇಳಲಿ ಅಂತ ಹೆಡ್ಡಿನಿಂದ ಎನ್‌ಆರ್‌ವಿವರೆಗಿನ ಗಾಳಿಯನ್ನು ಬಿಡುವುದು ಅದರ ಕೆಲಸ. ಎರಡು ಮೂರು ಸೆಕೆಂಡಿಗೆ ನಿಲ್ಲದೆ ಸುರಿಯುತ್ತಲೇ ಇದ್ದರೆ ಎನ್‌ಆರ್‌ವಿ ಸೋರಿ ಟ್ಯಾಂಕಿನ ಗಾಳಿಯೇ ಹಿಂದಕ್ಕೆ ಬರುತ್ತಿದೆ. ಓಡುತ್ತಿರುವಾಗಲೂ ‘ಸ್ಸ್’ ಅಂದರೆ ಅನ್‌ಲೋಡರಿನ ಪಿನ್ನು ಸಿಕ್ಕಿಕೊಂಡಿದೆ. ಸಣ್ಣ ರಿಪೇರಿ, ಪಂಪಿಗೆ ಕೈ ಹಾಕುವುದೇ ಬೇಡ.

“ಮೆಕ್ಯಾನಿಕ್ಕು ಪ್ರೆಶರ್ ಸ್ವಿಚ್ಚಿನ ಸ್ಕ್ರೂ ಎರಡು ಸುತ್ತು ಬಿಗಿ ಮಾಡ್ದ ಅಣ್ಣಾ, ಆದ್ರೂ ಏರ್ಲಿಲ್ಲ.”

ಹೇಗೆ ಏರೀತು? ಆ ಸ್ಕ್ರೂ ಎಷ್ಟಕ್ಕೆ ನಿಲ್ಲಬೇಕು ಅಂತ ಹೇಳುತ್ತದೆಯೇ ಹೊರತು ಗಾಳಿ ತಯಾರಿಸುವುದಿಲ್ಲ. ಈಗ ಏನೂ ಆಗಿಲ್ಲ, ಪಂಪು ದುರ್ಬಲವಾಗಿದೆಯಲ್ಲ. ನಾಳೆ ವಾಲ್ವು ಸರಿಹೋದ ಮೇಲೆ ಅದೇ ಸ್ಕ್ರೂ ಟ್ಯಾಂಕನ್ನು 12 ದಾಟಿಸಿ ಒಯ್ಯುತ್ತದೆ. ಅದಕ್ಕೇ ರಿಪೇರಿಗೆ ಮೊದಲೇ ಅದನ್ನು ಹಿಂದಕ್ಕೆ ತಿರುಗಿಸಲು ಹೇಳಿದೆ. ಸೇಫ್ಟಿ ವಾಲ್ವಿನ ಉಂಗುರವನ್ನು ಆಗಾಗ ಎಳೆದು ಅದು ಬಿಡುತ್ತದೆ, ಮತ್ತೆ ಕೂರುತ್ತದೆ ಅಂತ ನೋಡಬೇಕು. ಡ್ರೈನ್ ಕಾಕನ್ನು ದಿನಾ ಸಂಜೆ ತೆಗೆಯಬೇಕು. ಇವನು ತೆಗೆದಾಗ ಬಂದದ್ದು ತುಕ್ಕು ಬಣ್ಣದ ನೀರು, ಬಕೆಟ್ಟಿನ ಕಾಲು ಭಾಗ. ನೀರು ನಿಂತಷ್ಟು ಗಾಳಿಗೆ ಜಾಗ ಕಡಿಮೆ, ಮೋಟರು ಪದೇ ಪದೇ ಎದ್ದೇಳುತ್ತದೆ. ಅದಕ್ಕಿಂತ ದೊಡ್ಡ ಕೇಡು ತುಕ್ಕು. ಟ್ಯಾಂಕಿನ ತಗಡು ಒಳಗಿನಿಂದ ಸವೆಯುವುದು ಹೊರಗಿನ ಪೇಂಟಿಗೆ ಗೊತ್ತಾಗುವುದಿಲ್ಲ. ತಳದಲ್ಲಿ ಗುಂಡುಪಿನ್ನಿನಷ್ಟು ಸೋರಿಕೆ ಕಂಡರೆ ವೆಲ್ಡಿಂಗ್ ಅಂಗಡಿಗೆ ಒಯ್ಯಬಾರದು. ಆ ತೂತಿನ ಸುತ್ತಲಿನ ತಗಡೂ ಅಷ್ಟೇ ತೆಳ್ಳಗಾಗಿರುತ್ತದೆ. ಆ ಟ್ಯಾಂಕಿನ ಕಾಲ ಮುಗಿಯಿತು, ಗುಜರಿಗೆ ಕೊಡಬೇಕು. ಕಾರ್ಖಾನೆಗಳಿಗೆ 2025ರವರೆಗೆ 1948ರ ಕಾಯಿದೆಯ 31ನೇ ಸೆಕ್ಷನ್ನು ಒತ್ತಡದ ಪಾತ್ರೆಗಳಿಗೆಂದೇ ಇತ್ತು, ಅಲ್ಲಿ ಟ್ಯಾಂಕಿನ ತಪಾಸಣೆ ನಡೆಯುತ್ತದೆ, ನೀರು ತುಂಬಿಸಿ ಒತ್ತಡ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಇಬ್ಬರು ಮೂವರು ದುಡಿಯುವ ರಸ್ತೆಬದಿಯ ಅಂಗಡಿ ಆ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಯಜಮಾನನ ಕಣ್ಣೇ ಇನ್‌ಸ್ಪೆಕ್ಟರು. ನನಗೆ ಈ ಅಂಗಡಿಗಳ ಬಗ್ಗೆ ಹೆಚ್ಚು ಕಳವಳ ಇರುವುದು ಅದಕ್ಕೇ.

ಭಾನುವಾರ ಹೆಡ್ಡು ಬಿಚ್ಚಿದೆವು. ಮೇನ್ ಸ್ವಿಚ್ಚು ಇಳಿಸಿ, ಫ್ಯೂಸು ಕಿತ್ತು ಅವನ ಜೇಬಿಗೆ ಹಾಕಿಸಿ, ಟ್ಯಾಂಕು ಪೂರ್ತಿ ಖಾಲಿ ಮಾಡಿ ಆಮೇಲೆ ಸ್ಪ್ಯಾನರು. ವಾಲ್ವ್ ಪ್ಲೇಟಿನ ಮೇಲೆ ಇದ್ದಿಲಿನ ಹಾಗೆ ಕಪ್ಪಗೆ, ಉಗುರಿಗೂ ಕೀಳದಷ್ಟು ಗಟ್ಟಿಯಾಗಿ ಕಾರ್ಬನ್ ಕೂತಿತ್ತು. ಎಳೆಯುವ ಕಡೆಯ ಪಟ್ಟಿ ಎರಡರಲ್ಲಿ ಒಂದರ ತುದಿ ಮುರಿದಿತ್ತು. ಮುರಿದ ಚೂರು ಪಿಸ್ಟನ್ನಿನ ತಲೆಯ ಮೇಲೆ ಸಿಕ್ಕಿತು, ಅಕ್ಕಿ ನುಚ್ಚಿನಷ್ಟು. ಸಿಲಿಂಡರಿನ ಗೋಡೆಯ ಮೇಲೆ ಬೆರಳಾಡಿಸಿದೆ, ಗೀರಿಲ್ಲ. ಬೋರು, ರಿಂಗು ಯಾವುದೂ ಬೇಕಾಗಿರಲಿಲ್ಲ.

“ಇಷ್ಟು ಕಾರ್ಬನ್ ಎಲ್ಲಿಂದ ಬಂತು? ಯಾವ ಆಯಿಲ್ ಹಾಕ್ತೀಯ?”

“ಗಾಡಿ ಇಂಜಿನ್ನಿನದೇ ಅಣ್ಣಾ, ಉಳಿದಿದ್ದು.”

ಉತ್ತರ ಅಲ್ಲೇ ಇತ್ತು. ಇಂಜಿನ್ ಆಯಿಲಿನಲ್ಲಿ ಮಸಿ ತೊಳೆಯುವ, ಸವೆತ ತಡೆಯುವ ಏನೇನೋ ಬೆರೆಸಿರುತ್ತಾರೆ. ಇಂಜಿನ್ನಿಗೆ ಅವು ಒಳ್ಳೆಯವೇ, ಕಂಪ್ರೆಸರಿನ ಬಿಸಿ ವಾಲ್ವಿನ ಮೇಲೆ ಸುಟ್ಟು ಕರಿಯಾಗಿ ಕೂರುತ್ತವೆ. ಕಂಪ್ರೆಸರಿನದೇ ಆಯಿಲು ತರಿಸಿದೆ, ಗ್ಲಾಸಿನ ಅರ್ಧಕ್ಕೆ ಮಟ್ಟ. ಹೊಸ ವಾಲ್ವಿನ ಸೆಟ್ಟು, ಕಂಪನಿ ಅಳತೆಯದೇ ಪ್ಯಾಕಿಂಗು. ರಟ್ಟು ಕತ್ತರಿಸಿ ಮಾಡುವ ಪ್ಯಾಕಿಂಗು ಬೇಡ ಅಂದೆ. ಬಿಸಿಗೆ ನಿಲ್ಲುವುದಿಲ್ಲ, ದಪ್ಪ ಹೆಚ್ಚಾದರೆ ಪಿಸ್ಟನ್ನಿನ ಮೇಲೆ ಜಾಗ ಉಳಿದು ಒತ್ತಿದ ಗಾಳಿಯಲ್ಲಿ ಒಂದು ಪಾಲು ಅಲ್ಲೇ ಉಳಿದುಬಿಡುತ್ತದೆ. ವಾಲ್ವ್ ಪ್ಲೇಟನ್ನು ಗಾಜಿನ ಹಲಗೆಯ ಮೇಲೆ ನಯ ಎಮರಿ ಪೇಪರ್ ಹರಡಿ, ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ತಿಕ್ಕಲು ಅವನಿಗೇ ಕೊಟ್ಟೆ. ಕಪ್ಪು ಹೋಗಿ ಪೂರ್ತಿ ಒಂದೇ ಹೊಳಪು ಬರುವವರೆಗೂ ತಿಕ್ಕಿದ.

ಬೋಲ್ಟು ಬಿಗಿಯಲು ಹೊರಟವನನ್ನು ತಡೆದು, “ಒಂದೇ ಕಡೆಯಿಂದ ಸುತ್ತಿಕೊಂಡು ಬರಬೇಡ. ಎದುರುಬದುರು ಬಿಗಿ, ಮೂರು ಸುತ್ತಿನಲ್ಲಿ. ಒಂದು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಇನ್ನೊಮ್ಮೆ ನೋಡ್ಬೇಕು. ಆಮೇಲೆ ಸೊನ್ನೆಯಿಂದ ಏಳಕ್ಕೆ ಎಷ್ಟು ನಿಮಿಷ ಅಂತ ತಾರೀಖು ಸಮೇತ ಗೋಡೆ ಮೇಲೆ ಬರಿ” ಅಂದೆ.

“ಸೀಮೆಸುಣ್ಣದಲ್ಲಿ ಬರೀಲಾ?”

“ಬೇಡ, ಪೇಂಟಲ್ಲಿ ಬರಿ. ಕೆಳಗೆ ಜಾಗ ಬಿಡು, ಪ್ರತಿ ಯುಗಾದಿಗೊಂದು ಸಲ ಬರೆಯೋಕೆ ಬೇಕಾಗುತ್ತೆ.”